ಎರಡು ಮಣೆಯ ಸದ್ದು

ಜನರನ್ನು ಹೆದರಿಸುವುದೇ ನನ್ನ ಮೊಮ್ಮಗಳು ಸಿಂಚನಳ ಕೆಲಸ. ಎಷ್ಟು ಚೆನ್ನಾಗಿ ಹೆದರಿಸುತ್ತಾಳೆ ಅಂದರೆ, ಮೊನ್ನೆ ಅವಳ ಗೆಳತಿಯೊಬ್ಬಳು ನಮ್ಮ ಮಹಡಿಯ ಕೋಣೆಯಲ್ಲಿ ಕೂತು ಆಟ ಆಡುತ್ತಾ ಆಡುತ್ತಾ ಕಿರುಚಿಕೊಂಡದ್ದು ಎದುರುಮನೆಗೆ ಕೇಳಿಸಿ, ಆ ಮನೆಯ ಯಜಮಾನರು ಒದ್ದೆ ಕೈಯಲ್ಲೇ ನಮ್ಮ ಗೇಟಿನ ತನಕ ಓಡಿಬಂದರು.

"ಏನಾಯ್ತು ಜಯಮ್ಮನೋರೆ? ಯಾರಾದ್ರೂ ಬಿದ್ಬುಟ್ರಾ?"

"ಯಾರೂ ಬಿದ್ದಿಲ್ಲ ಕಣ್ರೀ. ನಮ್ಮ ಹುಡುಗಿ ಸಂಗೀತ ಮಾಡ್ತಾವ್ಳೆ!"

ಹೆಮ್ಮೆ ತಡೆಯಲಾರದೆ ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಕಳಿಸಿದೆ. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಈಗ ಇದು ಗೊತ್ತಿಲ್ಲದವರಿಲ್ಲ. ಹಾಲಿನವನಿಗೆ ಹೇಳಿದ್ದೇನೆ, ಸೊಪ್ಪಿನವಳಿಗೆ ಹೇಳಿದ್ದೇನೆ, ದೇವಸ್ಥಾನದ ಅರ್ಚಕರಿಗೆ ಮಂಗಳಾರತಿ ತಟ್ಟೆ ಹಿಡಿದಿದ್ದಾಗಲೇ ಹೇಳಿದ್ದೇನೆ. ಕಂಪ್ಯೂಟರಿನಲ್ಲಿ ಹುಡುಗರು ಆಡುವ ಆಟಗಳಿಗೆ ಹಿಂದಿನಿಂದ ಒಂದು ಸಂಗೀತ ಬರುತ್ತದಲ್ಲ, ಅದನ್ನು ಮಾಡುವವಳು ನನ್ನ ಮಗಳ ಮಗಳು ಅಂತ. ಹಾಡು ಹೇಳುತ್ತಾಳಾ ಎಂದು ಅರ್ಚಕರು ಕೇಳಿದರು. ಹಾಡಲ್ಲ ಸ್ವಾಮಿ, ಏನೋ ಆಗುತ್ತದೆ ಅನ್ನುವುದಕ್ಕೆ ಮುಂಚೆ ಎದೆಯೊಳಗೆ ಒಂಥರಾ ಆಗುತ್ತದಲ್ಲ, ಅದನ್ನು ಮಾಡುತ್ತಾಳೆ ಎಂದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳಿಗೆ ಇಷ್ಟು ಹೇಳಲು ಬಂದದ್ದೇ ಹೆಚ್ಚು.

ಮೊದಮೊದಲು ನನಗೂ ಅದು ಅರ್ಥವಾಗಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಸಿಂಚನ ನನ್ನ ಕೈ ಹಿಡಿದು ಮಹಡಿ ಹತ್ತಿಸಿದಳು. ಬೀದಿಯ ಸದ್ದು ಒಳಗೆ ಬರಬಾರದೆಂದು ಅವಳು ಗೋಡೆಗೆಲ್ಲ ನಮ್ಮ ಹಳೇ ರಗ್ಗುಗಳನ್ನು ಹೊಡೆದಿದ್ದಾಳೆ. ಆ ಕೋಣೆಗೆ ಹೋದರೆ ಪೆಟ್ಟಿಗೆಯೊಳಗೆ ಕೂತ ಹಾಗೆ. ಪರದೆಯ ಮೇಲೆ ಒಂದು ಉದ್ದ ಪಡಸಾಲೆ ತೋರಿಸಿದಳು. ಎರಡೂ ಕಡೆ ಕಂಬ, ಕೊನೆಯಲ್ಲಿ ಒಂದು ಬಾಗಿಲು. ಸದ್ದಿಲ್ಲದೆ ನೋಡಿದಾಗ ಅದು ಗುಡಿಸಿ ಒರೆಸಬೇಕಾದ ಒಂದು ಪಡಸಾಲೆ, ಅಷ್ಟೇ. ಆಮೇಲೆ ಮೆಲ್ಲಗೆ ಓಲಗದಂಥದ್ದೇನೋ ಹಾಕಿದಳು. ಅದೇ ಪಡಸಾಲೆ ಮದುವೆ ಮನೆಯಾಯಿತು; ಆ ಬಾಗಿಲ ಹಿಂದೆ ಎಲೆ ಹಾಕುತ್ತಿದ್ದಾರೆ, ಹೋದರೆ ಊಟ ಅನ್ನಿಸಿತು. ಅದನ್ನು ತೆಗೆದು, ನೆಲದ ಅಡಿಯಿಂದ ಬರುವ ಹಾಗೆ ಗುಂಯ್ ಎನ್ನುವ ಒಂದೇ ಒಂದು ಸದ್ದು ಹಾಕಿದಳು. ಕಂಬ ಅವೇ, ಬಾಗಿಲು ಅದೇ. ನನ್ನ ಅಂಗಾಲು ತಣ್ಣಗಾಯಿತು.

"ನೋಡ್ದಾ ಅಜ್ಜಿ? ಚಿತ್ರ ಒಂಚೂರೂ ಬದಲಾಗ್ಲಿಲ್ಲ."

"ಆ ಬಾಗ್ಲಾಚೆ ಯಾರೋ ಅವ್ರೆ ಕಣೆ."

"ಯಾರೂ ಇಲ್ಲ. ಅಲ್ಲಿ ಗೋಡೆ ಇದೆ ಅಷ್ಟೆ."

ಅವಳು ಬಿಡಿಸಿ ಹೇಳಿದಳು. ಆಟದಲ್ಲಿ ಸಂಗೀತ ಪದರ ಪದರವಾಗಿರುತ್ತದಂತೆ. ಸುತ್ತ ಅಪಾಯವಿಲ್ಲದಾಗ ಒಂದು ಮೆತ್ತನೆ ರಾಗ. ಅದು ಕೇಳುತ್ತಿರುವ ತನಕ ಆಡುವವರು ಧೈರ್ಯವಾಗಿ ಕಪಾಟು ತೆಗೆಯುತ್ತಾರೆ, ಮೆಟ್ಟಿಲು ಇಳಿಯುತ್ತಾರೆ. ಕೇಡು ಹತ್ತಿರ ಬಂದ ಹಾಗೆ ಅಡಿಯಲ್ಲಿ ಇನ್ನೊಂದು ಪದರ ಸೇರುತ್ತದೆ. ಕೆಲವು ಕಡೆ ಎಲ್ಲ ಪದರವನ್ನೂ ಒಟ್ಟಿಗೆ ಎಳೆದುಬಿಡುತ್ತಾಳೆ. ಆ ಮೌನಕ್ಕೆ ಆಡುವವರ ಕೈ ಗುಂಡಿಯ ಮೇಲೇ ನಿಂತುಹೋಗುತ್ತದೆ. ಸಂಗೀತ ಕೇಳಿಸುತ್ತಿದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ, ಅಂಗೈ ಮಾತ್ರ ಬೆವರುತ್ತದೆ ಎಂದಳು. ಇಷ್ಟೆಲ್ಲ ಕೇಳಿ ನನಗೆ ಅವಳ ದೃಷ್ಟಿ ತೆಗೆಯಬೇಕೆನಿಸಿತು. ಆದರೆ ಆಟದ ಮುಂದಿನ ಭಾಗ ತೋರಿಸಿದಾಗ, ಡಬಡಬ ತಮಟೆ, ಕಿಯ್ಯೋ ಎನ್ನುವ ಪಿಟೀಲು ಎಲ್ಲ ಬಂದಾಗ, ನನಗೆ ಆಕಳಿಕೆ ಬಂತು. ಸಿಂಚನಳ ಮುಖ ಸಣ್ಣದಾಯಿತು. ಆಡಿ ನೋಡಿದ ಅವಳ ಸ್ನೇಹಿತರೂ ಅಲ್ಲಿಂದಾಚೆಗೆ ಭಯವಾಗುವುದಿಲ್ಲ ಎಂದಿದ್ದರಂತೆ.

"ಇದು ಹೆದರಿಸ್ತೀನಿ ಹೆದರಿಸ್ತೀನಿ ಅಂತ ಸಾರ್ಕೊಂಡು ಬರ್ತದೆ ಕಣೆ. ನಮ್ಮನೇಲಿ ಭಯ ಹಿಂಗ್ ಬರ್ತಿರ್ಲಿಲ್ಲ."

"ಮತ್ತೆ ಹೆಂಗ್ ಬರ್ತಿತ್ತು?"

"ಎಲ್ಲಾ ಸರಿಯಾಗದೆ ಅನ್ನೋ ಸದ್ದಲ್ಲೇ ಬರ್ತಿತ್ತು."

ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಎನಿಸಿತು. ಅವಳು ಬಿಡುವವಳಲ್ಲ. ಅಂದಿನಿಂದ ದಿನಾ ಊಟವಾದ ಮೇಲೆ ನನ್ನನ್ನು ಮಹಡಿಗೆ ಕರೆದು, ನಜರ್‌ಬಾದಿನ ಆ ಮನೆಯನ್ನು ಒಂದೊಂದೇ ಕೋಣೆಯಾಗಿ ನನ್ನ ಬಾಯಿಂದ ಹೊರಡಿಸಿದಳು.

ಆ ಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲ ಬಾಗಿಲು, ಬಾಗಿಲು ತೆಗೆದರೆ ಇಬ್ಬರು ಎದುರುಬದುರು ಬಂದರೆ ಮೈ ಓರೆ ಮಾಡಬೇಕಾದ ಗಲ್ಲಿ. ನಡುಮನೆಯ ಪಕ್ಕಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಅದು ಅವ್ವನದು. ಅವ್ವ ಅಂದರೆ ನಮ್ಮಪ್ಪನ ತಾಯಿ. ಮನೆಯವರು, ಬೀದಿಯವರು ಎಲ್ಲರಿಗೂ ಆಕೆ ಅವ್ವನೇ. ನಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದೆವು. ಇದ್ದಿಲ ಪುಡಿಗೆ ಅಂಟು ಕಲಸಿ, ಆ ಕರೀ ಹಿಟ್ಟನ್ನು ಬಿದಿರ ಕಡ್ಡಿಗೆ ಸುತ್ತಿ, ಗಿಡ್ಡ ಕಾಲಿನ ಮಣೆಯ ಮೇಲೆ ಅಂಗೈಯಿಂದ ಉರುಳಿಸುವುದು. ಸುವಾಸನೆ ಹಾಕುತ್ತಿದ್ದದ್ದು ಕಾರ್ಖಾನೆಯಲ್ಲಿ. ಊರ ದೇವರ ಮನೆಗಳಿಗೆ ಗಂಧ, ನಮಗೆ ಮಸಿ. ಉಗುರಲ್ಲಿ ಮಸಿ, ತಲೆಗೂದಲಲ್ಲಿ ಮಸಿ, ಮೊಸರನ್ನ ಕೂಡ ಬೂದುಬಣ್ಣ. ಅಪ್ಪ ಬೆಳಗಿನ ಜಾವ ಮಾರ್ಕೆಟ್ಟಿನ ಹೂವಿನ ಮಂಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ನಾವು ಮೂವರು ಹೆಣ್ಣುಗಳು: ನಡುಮನೆಯಲ್ಲಿ ಮಣೆಯ ಮುಂದೆ ಅಮ್ಮ ಮತ್ತು ನಾನು, ಒಳಗೆ ಮಂಚದ ಮೇಲೆ ಅವ್ವ.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕೆ ಮನೆಯನ್ನು ಆಳುತ್ತಿದ್ದದ್ದು ಕಿವಿಯಿಂದ. ಹೊಸೆಯುವಾಗ ಮಾತಾಡಬಾರದು, ಮಾತಾಡಿದರೆ ಕೈ ನಿಧಾನವಾಗುತ್ತದೆ ಎನ್ನುವುದು ಆಕೆಯ ಕಟ್ಟಪ್ಪಣೆ. ಆದ್ದರಿಂದ ಆ ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಕೇಳುತ್ತಿದ್ದದ್ದು ಎರಡೇ ಸದ್ದು. ನನ್ನ ಮಣೆ ಸರ್ ಸರ್ ಅನ್ನುತ್ತಿತ್ತು. ಅಮ್ಮನ ಮಣೆಗೆ ಒಂದು ಕಾಲು ಮೋಟು. ಅದು ಸರ್ ಸರ್ ಟಕ್ ಅನ್ನುತ್ತಿತ್ತು. ಎರಡೂ ನಡೆಯುತ್ತಿದ್ದರೆ ಅವ್ವನ ಕೋಣೆಯಿಂದ ಉಸಿರೂ ಕೇಳುತ್ತಿರಲಿಲ್ಲ. ಒಂದು ಮಣೆ ನಿಂತರೆ, ಒಳಗಿಂದ ಊರುಗೋಲು ಮಂಚದ ಕಾಲಿಗೆ ಒಮ್ಮೆ ಬಡಿಯುತ್ತಿತ್ತು. ಆಗಲೂ ಶುರುವಾಗದಿದ್ದರೆ ಎರಡನೇ ಬಾರಿ. ಆಮೇಲೆ ಅವ್ವ ಏಳುತ್ತಿದ್ದರು. ಅವ್ವ ಎದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮ್ಮನ ಮುಂಗೈ ಮೇಲೆ ಸೌಟಿನಗಲದ ಒಂದು ಸುಟ್ಟ ಕಲೆಯಿತ್ತು. ಅದು ಹೇಗಾಯಿತೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವ್ವ ಎದ್ದುಬರುವ ತನಕ ನಾನು ಯಾವತ್ತೂ ಕೈ ನಿಲ್ಲಿಸಿದವಳಲ್ಲ. ಆದರೆ ಎರಡನೇ ಬಡಿತಕ್ಕೂ ಆಕೆ ಏಳುವುದಕ್ಕೂ ನಡುವಿನ ಆ ಮೌನ ಈಗಲೂ ನನ್ನ ಬೆನ್ನಲ್ಲಿದೆ. ಅದಕ್ಕೇ ನಾನು ಒಬ್ಬಳೇ ಇದ್ದರೆ ಗುನುಗುತ್ತೇನೆ, ಮಿಕ್ಸಿಯಾದರೂ ಹಾಕುತ್ತೇನೆ. ಮನೆಯಲ್ಲಿ ಸದ್ದು ನಿಂತರೆ ಮೊದಲು ನೋಡುವುದು ಬಾಗಿಲ ಕಡೆಗೆ.

ನನಗೆ ಒಬ್ಬಳು ತಂಗಿ, ರತ್ನ. ಅವಳು ಏಳು ತಿಂಗಳ ಕೂಸಾಗಿದ್ದಾಗ ಅವ್ವ ಅವಳನ್ನು ತನ್ನ ಮಗಳು ನಿಂಗತ್ತೆಗೆ ಕೊಟ್ಟುಬಿಟ್ಟರು. ನಿಂಗತ್ತೆಗೆ ಮಕ್ಕಳಾಗಿರಲಿಲ್ಲ, ಗಂಡನ ಮನೆಯವರು ತೌರಿಗೆ ಕಳಿಸುವ ಮಾತಾಡುತ್ತಿದ್ದರು. ಮಗಳ ಬಾಳು ನಿಲ್ಲಬೇಕೆಂದು ಅವ್ವ ಸೊಸೆಯ ಕೂಸನ್ನು ಎತ್ತಿದರು. ಅರಿಶಿನ ಕುಂಕುಮ, ತೆಂಗಿನಕಾಯಿ, ಹಸಿರು ರವಿಕೆ ಕಣದ ಜೊತೆಗೆ ರತ್ನಳನ್ನೂ ನಿಂಗತ್ತೆಯ ಮಡಿಲಿಗೆ ಹಾಕಿದರು. ಅಮ್ಮನೇ ಹಾಕಬೇಕಾಯಿತು. ಆ ದಿನ ಹೋಳಿಗೆ ಮಾಡಿದ್ದೆವು. ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಎಲೆಯ ಕಡೆ ನೋಡಿದರು.

"ಮಗಾ ನಿಂಗೀನ ಅಮ್ಮ ಅಂತ ಕರ್ಯೋಗಂಟ ನೀನು ಆ ಬೀದಿಗೆ ಕಾಲಿಡ್‌ಬ್ಯಾಡ ಗೌರಿ," ಎಂದು ಅವ್ವ ಅಮ್ಮನಿಗೆ ಹೇಳಿದರು. "ನಿನ್ನ ವಾಸ್ನೆ ಬಿದ್ರೆ ಅದು ಅವ್ಳಿಗೆ ಒಗ್ಗಕ್ಕಿಲ್ಲ."

ನಿಂಗತ್ತೆಯ ಮನೆ ಇಟ್ಟಿಗೆಗೂಡಿನಲ್ಲಿ, ನಮ್ಮ ಮನೆಯಿಂದ ಬೇಗ ನಡೆದರೆ ಒಂದು ಎಲೆಅಡಿಕೆ ಹಾಕಿ ಉಗುಳುವಷ್ಟು ಹೊತ್ತು. ಮಧ್ಯಾಹ್ನ ಅತ್ತೆ ಮಲಗುತ್ತಿದ್ದರು, ತೊಟ್ಟಿಲು ಹಿತ್ತಲ ಜಗಲಿಯಲ್ಲಿರುತ್ತಿತ್ತು. ಅಮ್ಮ ಹದಿನೈದು ದಿನ ತಡೆದಳು. ಹದಿನಾರನೇ ದಿನ ಅವಳು ತನ್ನ ಮಣೆಯನ್ನು ಮೆಲ್ಲಗೆ ನನ್ನ ಮಣೆಯ ಪಕ್ಕಕ್ಕೆ ಸರಿಸಿ, ನನ್ನ ಎಡಗೈ ಹಿಡಿದು ಅದರ ಮೇಲಿಟ್ಟಳು. ನನಗೆ ಆಗ ಎಂಟು ವರ್ಷವೋ ಒಂಬತ್ತೋ. ಬಲಗೈಯಲ್ಲಿ ನನ್ನ ಮಣೆ, ಎಡಗೈಯಲ್ಲಿ ಅಮ್ಮನದು. ಸರ್ ಸರ್, ಸರ್ ಸರ್ ಟಕ್. ಎರಡು ದಿನದಲ್ಲಿ ಕಲಿತೆ. ಅಮ್ಮ ಅಡುಗೆಮನೆ ದಾಟಿ, ಹಿತ್ತಲ ಬಾಗಿಲು ತೆಗೆದು, ಗಲ್ಲಿಗಿಳಿದು ಹೋಗಿ ರತ್ನಳಿಗೆ ಹಾಲು ಕುಡಿಸಿ ಬರುತ್ತಿದ್ದಳು. ಸಂಜೆ ಝೂನಲ್ಲಿ ಸಿಂಹ ಕೂಗುವುದರೊಳಗೆ ವಾಪಸು. ವಾಪಸು ಬಂದವಳು ನೇರ ಒಳಗೆ ಬರುತ್ತಿರಲಿಲ್ಲ. ಗಲ್ಲಿಯ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. ಎರಡೂ ಮಣೆ ನಡೆಯುತ್ತಿದ್ದರೆ ಎಲ್ಲ ಸರಿಯಾಗಿದೆ, ಅವ್ವ ಮಂಚದ ಮೇಲಿದ್ದಾರೆ ಎಂದರ್ಥ. ಎಡಗೈ ಸೋತು ಅಮ್ಮನ ಮಣೆ ಎರಡು ಉಸಿರು ತಡೆದರೆ ಚಿಂತೆಯಿಲ್ಲ; ನನ್ನ ಮಣೆ ನಿಂತರೆ ಮಾತ್ರ ಕಾಲಿಡಬಾರದು. ಇದು ನಮ್ಮಿಬ್ಬರ ಕರಾರು. ಸಿಂಚನ ಪದರ ಪದರ ಎಂದು ಹೇಳಿದಾಗ ನನಗೆ ಅಷ್ಟು ಬೇಗ ಅರ್ಥವಾದದ್ದು ಇದರಿಂದಲೇ. ಅವಳು ಈಗ ದೊಡ್ಡ ದೊಡ್ಡ ಯಂತ್ರ ಇಟ್ಟುಕೊಂಡು ಮಾಡುವುದನ್ನು ನಾನು ಎರಡು ಅಂಗೈಯಲ್ಲಿ ಮಾಡುತ್ತಿದ್ದೆ. ಒಳಗಿದ್ದ ಅವ್ವನನ್ನು ಮಲಗಿಸುತ್ತಿದ್ದೆ, ಹೊರಗಿದ್ದ ಅಮ್ಮನಿಗೆ ಬಾ ಎನ್ನುತ್ತಿದ್ದೆ.

ಒಂದು ದಿನ ಅಮ್ಮ ನನ್ನ ಎರಡು ಲಂಗವನ್ನು ಗಂಟು ಕಟ್ಟಿ ಸೌದೆಯ ಹಿಂದೆ ಇಟ್ಟಳು. ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

"ಇವತ್ತು ಪಾಪೂನ ಎತ್ಕೊಂಡೇ ಬರ್ತೀನಿ. ಮೂರೂ ಜನ ನಮ್ಮೂರ ಬಸ್ಸತ್ತೋಣ. ನಾನು ಬರೋಗಂಟ ಕೈ ನಿಲ್ಲಿಸ್ಬೇಡ."

"ನಿಂತ್ಬುಟ್ರೆ?"

"ನಿಂತ್ರೆ ಅವ್ವ ಎದ್ದವ್ರೆ ಅಂತ ತಿಳ್ಕೋತೀನಿ. ಪಾಪೂನ ಕರ್ಕೊಂಡು ಅಂಗೇ ಓಗ್ಬುಡ್ತೀನಿ. ಆಮೇಲೆ ನಿನ್ನ ಕರ್ಸ್ಕೋತೀನಿ."

ಆ ಆಮೇಲೆ ಎಂಬ ಮಾತು ನನಗೆ ಹಿಡಿಸಲಿಲ್ಲ. ಇಟ್ಟಿಗೆಗೂಡಿನಿಂದ ಬಸ್‌ಸ್ಟ್ಯಾಂಡಿಗೆ ಅಮ್ಮ ನೆಟ್ಟಗೆ ಹೋಗಬಹುದಿತ್ತು. ನಮ್ಮ ಮನೆಗೆ ಮತ್ತೆ ಬರಬೇಕಾಗಿದ್ದದ್ದು ನನ್ನೊಬ್ಬಳಿಗಾಗಿ. ನನ್ನನ್ನು ಜೊತೆಗೇ ಕರೆದುಕೊಂಡು ಹೋದರೆ ಮಣೆಗಳು ನಿಂತು, ಅವ್ವ ಕೂಗಿ, ಬೀದಿಯವರು ನಾಲ್ಕು ಹೆಜ್ಜೆಗೆ ನಮ್ಮನ್ನು ಹಿಡಿಯುತ್ತಿದ್ದರು. ಇದನ್ನೆಲ್ಲ ನಾನು ಆ ವಯಸ್ಸಿಗೇ ಲೆಕ್ಕ ಹಾಕಿದ್ದೆ.

ಅಮ್ಮ ಹೋದಳು. ನಾನು ಅವತ್ತು ಯಾವತ್ತಿಗಿಂತ ಚೆನ್ನಾಗಿ ಬಾರಿಸಿದೆ. ಒಂದು ಏಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೊರಗೆ ಬಿಸಿಲು, ಹೆಂಚಿನ ಸಂದಿಯಿಂದ ಬಿದ್ದ ಬೆಳಕಿನಲ್ಲಿ ಮಸಿಯ ಪುಡಿ ತೇಲುತ್ತಿತ್ತು. ಆಗ ಒಳಗಿಂದ ಅವ್ವ ಮಾತಾಡಿದರು. ಹೊಸೆಯುವಾಗ ಮಾತು ಬೇಡವೆಂದ ಅವ್ವನೇ ಮಾತಾಡಿದರು.

"ಏನಮ್ಮಿ ಜಯಾ, ನಿಮ್ಮಮ್ಮನ ಕೈ ಇವತ್ತು ಬಾಳ ಸಲೀಸಾಗಿ ಓಡ್ತಾ ಅದಲ್ಲ."

ನಾನು ಹೊಸೆಯುತ್ತಲೇ ಇದ್ದೆ.

"ಒಂದು ಗಳಿಗೇನೂ ನಿಂತಿಲ್ಲ."

ನನಗೆ ಆಗ ತಿಳಿಯಲಿಲ್ಲ, ನಾನು ಮಕ್ಕಳನ್ನು ಹೆತ್ತ ಮೇಲೆ ತಿಳಿಯಿತು. ರತ್ನ ಹೋದಾಗಿನಿಂದ, ಕೂಸಿಗೆ ಹಸಿವಾಗುವ ಹೊತ್ತಿಗೆ ಅಮ್ಮನಿಗೆ ಎದೆಹಾಲು ಸುರಿದು ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಒತ್ತಿ ಹಿಡಿಯಲು ಅವಳ ಕೈ ಎರಡು ಉಸಿರು ನಿಲ್ಲುತ್ತಿತ್ತು. ಆ ನಿಲುಗಡೆಗೆ ಅವ್ವ ಯಾವತ್ತೂ ಕೋಲು ಬಡಿಯುತ್ತಿರಲಿಲ್ಲ. ಅದು ಏನೆಂದು ಹತ್ತು ಹೆತ್ತ ಆಕೆಗೆ ಗೊತ್ತಿತ್ತು. ಬೇರೆ ದಿನ ನನ್ನ ಎಡಗೈ ಸೋತು ತಡೆದದ್ದನ್ನೂ ಆಕೆ ಅದೇ ಎಂದುಕೊಂಡಿದ್ದರು. ಗೊತ್ತಿಲ್ಲದೆ ಇದ್ದದ್ದು ನನಗೆ. ನಾನು ತಪ್ಪಿಲ್ಲದೆ ಬಾರಿಸಿದ್ದೇ ತಪ್ಪಾಯಿತು.

ಕೋಲು ಒಮ್ಮೆಯೂ ಬಡಿಯಲಿಲ್ಲ. ಮಂಚ ಕಿರುಗುಟ್ಟಿತು. ಗೋಡೆಯನ್ನು ಸವರುವ ಅಂಗೈ ಸದ್ದು, ಒಂದು ಪಾದ ಎಳೆಯುವ ಸದ್ದು. ಬಾಗಿಲ ಪರದೆ ಸರಿಯಿತು. ಅವ್ವ ಬಂದು ನನ್ನ ಮುಂದೆ ನಿಂತಾಗಲೂ ನನ್ನ ಎರಡು ಕೈಗಳೂ ನಡೆಯುತ್ತಲೇ ಇದ್ದವು. ಆಕೆ ಬಗ್ಗಿ ತಡವಿದರು. ಅಮ್ಮನ ಮಣೆ ಸಿಕ್ಕಿತು, ಅದರ ಮೇಲೆ ನನ್ನ ಎಡಗೈ ಸಿಕ್ಕಿತು. ಬಯ್ಯಲಿಲ್ಲ, ಹೊಡೆಯಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಕ್ಕಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತು, ಅಮ್ಮನ ಮಣೆಯನ್ನು ತಾನೇ ಹೊಸೆಯಲು ಶುರು ಮಾಡಿದರು. ಸರ್ ಸರ್ ಟಕ್. ಸರ್ ಸರ್ ಟಕ್. ಆಮೇಲೆ, ಅಮ್ಮನ ಕೈ ನಿಲ್ಲುವ ಹಾಗೆಯೇ, ಎರಡು ಉಸಿರು ನಿಲ್ಲಿಸಿ, ಮತ್ತೆ ಸರ್ ಸರ್ ಟಕ್.

"ಅವ್ಳು ಕೇಳಿಸ್ಕೊಂಡೇ ಒಳೀಕೆ ಬರ್ತಾಳೆ, ನಂಗೊತ್ತು," ಎಂದು ಪಿಸುಗುಟ್ಟಿದರು. "ನೀನು ನಿನ್ನ ಮಣೆ ನೋಡ್ಕೊ."

ಎಷ್ಟು ಹೊತ್ತು ಹಾಗೆ ಕೂತೆವೋ. ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಊದುಬತ್ತಿ ಹೊಸೆಯುತ್ತಿದ್ದೇವೆ. ಯಾರಾದರೂ ಇಣುಕಿ ನೋಡಿದ್ದರೆ ಎಂಥ ಸುಖದ ಮನೆ ಅನ್ನುತ್ತಿದ್ದರು. ಆಮೇಲೆ ಗಲ್ಲಿಯಲ್ಲಿ ಕಾಲುಸಪ್ಪಳ. ಅದರ ಜೊತೆಗೆ ಸಣ್ಣ ಗೆಜ್ಜೆ ಸದ್ದು. ರತ್ನಳ ಕಾಲಿನದು. ಸಪ್ಪಳ ಗೋಡೆಯ ಹತ್ತಿರ ನಿಂತಿತು. ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ.

ಅವ್ವನ ಎರಡು ಕೈಯೂ ಅಮ್ಮನ ಮಣೆಯ ಮೇಲಿದ್ದವು. ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಒಂದು ಉಸಿರು ನಾನು ಕೈ ಎತ್ತಿದ್ದರೆ ಸಾಕಿತ್ತು, ಅಮ್ಮ ಮಗುವನ್ನು ಎದೆಗವಚಿಕೊಂಡು ಬಸ್ಸಿಗೆ ಓಡುತ್ತಿದ್ದಳು, ರತ್ನ ಅಮ್ಮನ ಮಗಳಾಗಿ ಬೆಳೆಯುತ್ತಿದ್ದಳು. ನಾನು ಅವ್ವನ ಜೊತೆ ಉಳಿಯುತ್ತಿದ್ದೆ. ಹೊಸೆಯುತ್ತಾ ಯೋಚಿಸಿದೆ. ಯೋಚಿಸುತ್ತಾ ಹೊಸೆದೆ. ನಿಲ್ಲಿಸಲಿಲ್ಲ.

ಹಿತ್ತಲ ಬಾಗಿಲು ತೆರೆಯಿತು. ಅಮ್ಮ ನಗುನಗುತ್ತಾ ಒಳಗೆ ಬಂದಳು, ಸೆರಗಿನೊಳಗೆ ರತ್ನ. ನಡುಮನೆಯ ಹೊಸ್ತಿಲ ಹತ್ತಿರ ಆ ನಗು ಹಾಗೇ ಮುಖದ ಮೇಲೆ ಉಳಿದುಹೋಯಿತು.

"ಬಂದ್ಯಾ? ಬಾಗ್ಲಾಕು," ಎಂದರು ಅವ್ವ. "ಮಗೀನ ಇಲ್ಲಿ ಕೊಡು."

ಅಮ್ಮ ಅವ್ವನನ್ನು ನೋಡಲಿಲ್ಲ. ನನ್ನ ಕೈ ನೋಡಿದಳು. ಅದು ಇನ್ನೂ ನಡೆಯುತ್ತಿತ್ತು.

ಸಂಜೆ ನಿಂಗತ್ತೆ ಬಂದು ರತ್ನಳನ್ನು ಕರೆದುಕೊಂಡು ಹೋದರು. ಅಪ್ಪ ಹಿತ್ತಲ ಬಾಗಿಲಿಗೆ ಅಡ್ಡ ಹಲಗೆ ಹೊಡೆದರು. ಅಮ್ಮ ಮಾರನೇ ಬೆಳಿಗ್ಗೆ ಎಂದಿನಂತೆ ಮಣೆ ಮುಂದೆ ಕೂತಳು. ಯಾಕೆ ನಿಲ್ಲಿಸಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ನನ್ನ ಮದುವೆ ದಿನವೂ ಕೇಳಲಿಲ್ಲ, ಕೊನೆಗೆ ಆಸ್ಪತ್ರೆಯಲ್ಲಿ ನನ್ನ ಕೈಯನ್ನೇ ಹಿಡಿದುಕೊಂಡಿದ್ದಾಗಲೂ ಕೇಳಲಿಲ್ಲ. ಕೆಲವು ವಾರಕ್ಕೆ ಅವಳ ಮಣೆ ಎಲ್ಲೂ ನಿಲ್ಲದೆ ಓಡತೊಡಗಿತು. ನಾನು ಬಾರಿಸುತ್ತಿದ್ದ ಹಾಗೆಯೇ, ಸಲೀಸಾಗಿ.

ಇಷ್ಟನ್ನೂ ಸಿಂಚನಳಿಗೆ ಹೇಳಿದ್ದು ಒಂದೇ ದಿನವಲ್ಲ. ಗೆಜ್ಜೆಯ ಸದ್ದಿನ ತನಕ ಹೇಳಿ ಎದ್ದುಬಿಟ್ಟಿದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿ, ನೀನು ನಿಲ್ಸಿದ್ಯಾ ಅಜ್ಜಿ, ಎಂದು ಕೇಳಿದಳು. ಅರವತ್ತು ವರ್ಷದಲ್ಲಿ ನನಗೆ ಆ ಪ್ರಶ್ನೆ ಹಾಕಿದವಳು ಅವಳೊಬ್ಬಳೇ. ಇಲ್ಲ ಎಂದೆ. ಅವಳು ಕೆಳಗಿಳಿದು ಹೋಗಿ ನಮ್ಮ ಚಪಾತಿ ಮಣೆ ತಂದು, ಒಂದು ಕಾಲಿನ ಕೆಳಗೆ ಕಾಗದ ಮಡಿಸಿಟ್ಟು, ಮೈಕು ಹತ್ತಿರ ಎಳೆದು, ಹೊಸಿ ಅಜ್ಜಿ ಎಂದಳು. ಹೊಸೆದೆ. ಅಮ್ಮ ನಿಲ್ಲುತ್ತಿದ್ದ ಕಡೆ ನಿಂತೆ. ಆಮೇಲೆ ಕಾಗದ ತೆಗೆದು ನನ್ನ ಮಣೆಯ ಸದ್ದನ್ನೂ ಹೊಸೆದೆ. ಆ ಸದ್ದನ್ನೇ ಅವಳು ಆಟಕ್ಕೆ ಹಾಕಿದ್ದಾಳೆ. ತಮಟೆ ಪಿಟೀಲು ಎಲ್ಲ ಕಿತ್ತೆಸೆದಿದ್ದಾಳೆ. ಆಟದಲ್ಲೀಗ ಮಗು ಎತ್ತಿಕೊಂಡ ಒಬ್ಬ ಹೆಂಗಸು ಗಲ್ಲಿಯಲ್ಲಿ ಬರುತ್ತಾಳೆ. ಅವಳನ್ನು ನಡೆಸುವವರು ಆಡುವವರೇ. ಶುರುವಿನಿಂದ ಅವರ ಕಿವಿಗೆ ಸಿಂಚನ ಒಂದೇ ಪಾಠ ಹೇಳಿಕೊಟ್ಟ ಹಾಗೆ ಮಾಡಿದ್ದಾಳೆ: ಎರಡು ಮಣೆ ಕೇಳಿದರೆ ಭಯವಿಲ್ಲ. ಅವರು ಆ ಮೆತ್ತನೆ ಸದ್ದನ್ನು ನಂಬಿ, ಹಾಯಾಗಿ ಬಾಗಿಲು ತಳ್ಳುತ್ತಾರೆ. ಗೆಳತಿ ಕಿರುಚಿಕೊಂಡದ್ದು ಅಲ್ಲೇ.

ಆದರೆ ಈ ಆಟ ಊರಿಗೆಲ್ಲ ಹೋಗುವ ಮುಂಚೆ ನನ್ನ ತಂಗಿಗೆ ಹೇಳಬೇಕಿತ್ತು. ರತ್ನ ಹಿನಕಲ್‌ನಲ್ಲಿದ್ದಾಳೆ. ನಿಂಗತ್ತೆ ಅವಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದರು, ಅದರಲ್ಲಿ ಸುಳ್ಳಿಲ್ಲ. ತನ್ನನ್ನು ಕೊಟ್ಟದ್ದು ರತ್ನಳಿಗೆ ಗೊತ್ತು. ಕೊಟ್ಟವಳು ತಿರುಗಿ ನೋಡಲಿಲ್ಲ ಎಂದೇ ಅವಳು ತಿಳಿದಿದ್ದಳು. ಅಮ್ಮ ಎತ್ತಿಕೊಂಡು ಹೊರಟದ್ದು, ಸಿಕ್ಕಿಬಿದ್ದದ್ದು, ಯಾರಿಂದ ಸಿಕ್ಕಿಬಿದ್ದಳು ಎನ್ನುವುದು, ಯಾವುದೂ ಅವಳಿಗೆ ತಿಳಿಯದು. ನಾನು ಹೇಳಿರಲಿಲ್ಲ. ಹೋದ ಭಾನುವಾರ ಅವಳು ಬಂದಾಗ, ಮಹಡಿ ಮೆಟ್ಟಿಲ ಮೇಲೆ ಕೂರಿಸಿ ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಆಮೇಲೆ ಎದ್ದು ಒಳಗೆ ಹೋಗಿ ಸಿಂಚನಳ ಕುರ್ಚಿಯಲ್ಲಿ ಕೂತಳು.

"ಎಂಗೆ ನಡ್ಸೋದು ಇದನ್ನ? ತೋರ್ಸು."

"ಈ ಗುಂಡಿ ಒತ್ತಿದ್ರೆ ಮುಂದಕ್ಕೆ ಹೋಗ್ತಾಳೆ ಚಿಕ್ಕಜ್ಜಿ. ಇದನ್ನ ಒತ್ತಿದ್ರೆ ತಿರುಗ್ತಾಳೆ."

ಆಟದ ಹೆಂಗಸು ಗಲ್ಲಿಗೆ ಬಂದಳು. ಗೋಡೆಯ ಹತ್ತಿರ ರತ್ನ ಅವಳನ್ನು ನಿಲ್ಲಿಸಿದಳು. ಸರ್ ಸರ್, ಸರ್ ಸರ್ ಟಕ್. ನಿಲುಗಡೆ. ಮತ್ತೆ ಸರ್ ಸರ್ ಟಕ್. ಎಂಥ ನೆಮ್ಮದಿಯ ಸದ್ದು!

"ಒಳಗೆ ಯಾರ್ಯಾರವ್ರೆ ಅಕ್ಕ?"

"ನಾನು. ಅವ್ವ."

"ನೀನು ನಿಲ್ಲಿಸಲ್ವಾ?"

"ನಿಲ್ಲಿಸಲ್ಲ ರತ್ನ."

ಅವಳು ಇನ್ನೊಂದು ಸುತ್ತು ಕೇಳಿಸಿಕೊಂಡಳು. ಆಮೇಲೆ ಇನ್ನೊಂದು ಗುಂಡಿ ಒತ್ತಿದಳು. ಹೆಂಗಸು ಬಾಗಿಲಿಗೆ ಬೆನ್ನು ಹಾಕಿದಳು.

"ಅಯ್ಯೋ ಚಿಕ್ಕಜ್ಜಿ, ಆ ಕಡೆ ಏನೂ ಇಲ್ಲ," ಎಂದಳು ಸಿಂಚನ. "ಇಲ್ಲೀವರ್ಗೂ ಯಾರೂ ಆ ಕಡೆ ಹೋಗಿಲ್ಲ. ಅಲ್ಲಿಗೆ ನಾನು ಸಂಗೀತಾನೇ ಮಾಡಿಲ್ಲ."

"ಪರವಾಗಿಲ್ಲ ಬುಡು," ಎಂದು ರತ್ನ ಗುಂಡಿ ಒತ್ತಿ ಹಿಡಿದಳು.

ಮಣೆಗಳ ಸದ್ದು ದೂರವಾಯಿತು. ಮೊದಲು ನನ್ನದು ಅಡಗಿತು, ಆಮೇಲೆ ಟಕ್ ಅಡಗಿತು. ಕೋಣೆಯಲ್ಲಿ ಏನೂ ಉಳಿಯಲಿಲ್ಲ, ಆ ಹೆಂಗಸಿನ ಪಾದದ ಸದ್ದು, ಕೂಸಿನ ಗೆಜ್ಜೆ ಬಿಟ್ಟರೆ. ಅಷ್ಟು ದೊಡ್ಡ ಮೌನ. ನಾನು ಬಾಗಿಲ ಕಡೆ ನೋಡಲಿಲ್ಲ, ಗುನುಗಲೂ ಇಲ್ಲ. ಗಲ್ಲಿ ಮುಗಿದು ಬಯಲು ಬಂತು, ಅಲ್ಲಿ ಚಿತ್ರವನ್ನೂ ಸರಿಯಾಗಿ ಬರೆದಿರಲಿಲ್ಲ, ಬರೀ ಬೆಳಕು. ಹೆಂಗಸು ಅದರೊಳಗೂ ನಡೆದಳು. ನನಗೆ ಎದ್ದು ಕುಣಿಯುವಷ್ಟು ಖುಷಿ, ಕಣ್ಣಲ್ಲಿ ಧಾರಾಕಾರ.

"ಅಕ್ಕ, ನೀನು ಒಳಗೇ ಉಳ್ಕೊಂಡ್ಬುಟ್ಟೆ," ಎಂದಳು ರತ್ನ, ಪರದೆಯಿಂದ ಕಣ್ಣು ತೆಗೆಯದೆ. ಅವಳ ಹೆಬ್ಬೆರಳು ಗುಂಡಿಯ ಮೇಲೆ ಸಡಿಲವಾಯಿತು. ಹೆಂಗಸು ನಿಂತಳು.

ನಾನು ಹೋಗಿ ಅವಳ ಹೆಬ್ಬೆರಳಿನ ಮೇಲೆ ನನ್ನ ಕೈಯಿಟ್ಟು ಒತ್ತಿದೆ.

"ನಾನು ಇರ್ತೀನಿ ಕಣೆ. ನೀವು ನಡೀರಿ."